ಮನೆಯಲ್ಲಿ ಕಟ್ಟಿದ ವಾಲ್ವ್ ಆಂಪ್ಲಿಫೈಯರ್: ಗುಂಯ್ ಅಂದರೆ, ಕೆಂಪಾದರೆ, ಸದ್ದೇ ಬರದಿದ್ದರೆ ಎಲ್ಲಿ ನೋಡಬೇಕು

ವಾಲ್ವ್ (ಗಾಜಿನ ವ್ಯಾಕ್ಯೂಮ್ ಟ್ಯೂಬ್) ಆಂಪ್ಲಿಫೈಯರ್ ಕೈಕೊಟ್ಟರೆ ಬಹಳ ಜನ ಮೊದಲು ಮಾಡುವ ಕೆಲಸ ವಾಲ್ವ್ ಬದಲಿಸುವುದು. ಅದು ದುಬಾರಿ ಊಹೆ. ವಾಲ್ವ್ ಕೆಡುವುದೇ ಇಲ್ಲ ಅಂತಲ್ಲ. ಆದರೆ ಮನೆಯಲ್ಲಿ ಹೊಸದಾಗಿ ಕಟ್ಟಿದ ಸೆಟ್‌ನಲ್ಲಿ ತೊಂದರೆ ಹೆಚ್ಚಾಗಿ ಇರುವುದು ಬೆಸುಗೆಯಲ್ಲಿ, ಅರ್ತ್ ವೈರಿನಲ್ಲಿ, ಇಲ್ಲವೇ ಚಿಲ್ಲರೆ ಕಾಸಿನ ಒಂದು ಕೆಪಾಸಿಟರ್‌ನಲ್ಲಿ. ಅದನ್ನು ಮೀಟರ್ ಹಿಡಿದು ಕಂಡುಹಿಡಿಯಬಹುದು. ಆಸಿಲೋಸ್ಕೋಪ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಇಲ್ಲಿ ಕೊಡುವ ಅಂಕಿಗಳೆಲ್ಲ ಒಂದು ಮಾಮೂಲಿ ಸರ್ಕ್ಯೂಟಿನವು. ಒಂದು ಇಸಿಸಿ83, ಅಂದರೆ 12ಎಎಕ್ಸ್7, ಅದರ ಒಂದು ಅರ್ಧ ಎಡಗಡೆಗೆ, ಇನ್ನೊಂದು ಅರ್ಧ ಬಲಗಡೆಗೆ. ಎರಡು ಇಎಲ್84, ಅಂದರೆ 6ಬಿಕ್ಯೂ5, ಸಿಂಗಲ್ ಎಂಡೆಡ್ (ಪ್ರತಿ ಕಡೆಗೆ ಒಂದೇ ಔಟ್‌ಪುಟ್ ವಾಲ್ವ್), ಕ್ಯಾಥೋಡಿನಲ್ಲಿ 150 ಓಮ್ ರೆಸಿಸ್ಟರ್ ಮತ್ತು ಅದಕ್ಕೆ ಅಡ್ಡವಾಗಿ 220 ಮೈಕ್ರೋಫ್ಯಾರಡ್. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ 5ಕೆ (5000 ಓಮ್) ಇಂದ 8 ಓಮಿಗೆ. ಪವರ್ ಟ್ರಾನ್ಸ್‌ಫಾರ್ಮರಿನಿಂದ 200 ವೋಲ್ಟ್ ಎಸಿ, ನಾಲ್ಕು 1ಎನ್4007 ಡಯೋಡಿನ ಬ್ರಿಡ್ಜ್, 100 ಮೈಕ್ರೋಫ್ಯಾರಡ್, 100 ಓಮ್, ಮತ್ತೆ 100 ಮೈಕ್ರೋಫ್ಯಾರಡ್. ನಿಮ್ಮದು ಸ್ವಲ್ಪ ಬೇರೆ ಇರಬಹುದು, ಪರವಾಗಿಲ್ಲ. ಹುಡುಕುವ ದಾರಿ ಒಂದೇ. ವಾಲ್ವ್ ಒಳಗಿನ ಹೆಸರುಗಳು ಇಷ್ಟು: ಹೀಟರ್ ಕ್ಯಾಥೋಡನ್ನು ಕಾಯಿಸುತ್ತದೆ, ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನ್‌ಗಳನ್ನು ಪ್ಲೇಟ್ ಹಿಡಿಯುತ್ತದೆ, ನಡುವಿನ ಗ್ರಿಡ್ ಎಷ್ಟು ಹೋಗಬೇಕು ಅಂತ ನಿಯಂತ್ರಿಸುತ್ತದೆ, ಸ್ಕ್ರೀನ್ ಅಂದರೆ ಇಎಲ್84ರಲ್ಲಿರುವ ಎರಡನೇ ಗ್ರಿಡ್.

ಮೊದಲು ಜೀವ ಉಳಿಸಿಕೊಳ್ಳುವ ಮಾತು

ಒಳಗೆ ಸುಮಾರು 260 ವೋಲ್ಟ್ ಡಿಸಿ ಇದೆ. ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತರೂ ಕೆಪಾಸಿಟರ್‌ನಲ್ಲಿ ಅದು ಕೂತೇ ಇರುತ್ತದೆ, ಅದರಲ್ಲೂ ವಾಲ್ವ್ ತೆಗೆದಿಟ್ಟು ಪರೀಕ್ಷೆ ಮಾಡಿದ್ದರೆ ಖಾಲಿಯಾಗಲು ದಾರಿಯೇ ಇಲ್ಲದೆ ಎಷ್ಟೋ ಹೊತ್ತು ಇರುತ್ತದೆ. ಒಂದು 10ಕೆ 5 ವ್ಯಾಟ್ ರೆಸಿಸ್ಟರ್‌ಗೆ ಒಳ್ಳೆ ಇನ್ಸುಲೇಶನ್ ಇರುವ ಎರಡು ವೈರು, ಒಂದಕ್ಕೆ ಕ್ರೊಕೊಡೈಲ್ ಕ್ಲಿಪ್, ಇನ್ನೊಂದಕ್ಕೆ ಮೀಟರ್ ಪ್ರೋಬ್ ಕಟ್ಟಿಟ್ಟುಕೊಳ್ಳಿ. ಕೈ ಹಾಕುವ ಮುಂಚೆ ಪ್ರತಿ ಸಲ ಅದರಿಂದ ಖಾಲಿ ಮಾಡಿ, ಆಮೇಲೆ ಮೀಟರ್ ಇಟ್ಟು ನೋಡಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಟಪ್ ಅನ್ನಿಸುವ ಹಳೇ ಅಭ್ಯಾಸ ಬೇಡ. ಕೆಪಾಸಿಟರ್ ಹಾಳು, ಕಣ್ಣಿಗೂ ಅಪಾಯ. ಮೊದಲ ಕೆಪಾಸಿಟರ್‌ಗೆ ಅಡ್ಡವಾಗಿ 220ಕೆ 2 ವ್ಯಾಟ್ ಬ್ಲೀಡರ್ (ಕೆಪಾಸಿಟರ್ ತಾನಾಗಿ ಖಾಲಿಯಾಗಲು ಹಾಕುವ ರೆಸಿಸ್ಟರ್) ಹಾಕಿಲ್ಲ ಅಂದರೆ ಇವತ್ತೇ ಹಾಕಿ. ಅದಿದ್ದರೂ ಖಾಲಿ ಮಾಡಿ ಅಳೆಯುವುದನ್ನು ಬಿಡಬೇಡಿ.

ಕರೆಂಟ್ ಇರುವಾಗ ಅಳೆಯಬೇಕಾದರೆ ಕಪ್ಪು ಪ್ರೋಬನ್ನು ಕ್ಲಿಪ್‌ನಿಂದ ಚಾಸಿಗೆ (ಸೆಟ್‌ನ ಲೋಹದ ಪೆಟ್ಟಿಗೆಗೆ) ಸಿಕ್ಕಿಸಿ, ಎಡಗೈ ಜೇಬಿನಲ್ಲಿ, ಕಾಲಿಗೆ ಚಪ್ಪಲಿ. ಪಕ್ಕದಲ್ಲಿ ಒಬ್ಬರು ಇರಲಿ. ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರ ಮೇನ್ಸ್‌ನಿಂದ ಡಯೋಡ್ ಹಾಕಿ ಎಚ್‌ಟಿ (ವಾಲ್ವ್‌ಗೆ ಕೊಡುವ ಹೆಚ್ಚು ವೋಲ್ಟಿನ ಡಿಸಿ) ತೆಗೆದ ಸರ್ಕ್ಯೂಟ್ ನಿಮ್ಮ ಹತ್ತಿರ ಇದ್ದರೆ ಅದರ ದೋಷ ಹುಡುಕಬೇಡಿ. ಬಿಚ್ಚಿ ಹಾಕಿ. ಅದರಲ್ಲಿ ಚಾಸಿಯೇ ಲೈವ್ ಆಗಬಹುದು.

ಇನ್ನೊಂದು ವಿಷಯ: ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ಲಿಫೈಯರನ್ನು ಹಾಡು ಹಾಕಿ ಓಡಿಸಬಾರದು. ಲೋಡ್ ಇಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ (ವಾಲ್ವ್ ಕಡೆಯ ಸುತ್ತಿನಲ್ಲಿ) ವೋಲ್ಟೇಜ್ ಏರಿ ಒಳಗಿನ ಸುತ್ತುಗಳ ಮಧ್ಯೆ ಕಿಡಿ ಹಾರಬಹುದು. ಒಳ್ಳೆ ಸ್ಪೀಕರನ್ನು ಪರೀಕ್ಷೆಗೆ ಒಡ್ಡುವುದು ಬೇಡ ಅನಿಸಿದರೆ ಎರಡು ಕಡೆಗೂ 8 ಓಮ್ 10 ವ್ಯಾಟ್ ರೆಸಿಸ್ಟರ್ ಕಟ್ಟಿ.

ಸೀರೀಸ್ ಬೋರ್ಡ್

ನಮ್ಮ ಮೆಕ್ಯಾನಿಕ್‌ಗಳ ಅಂಗಡಿಯಲ್ಲಿ ಗೋಡೆ ಮೇಲೆ ಒಂದು ಬಲ್ಬ್ ಇರುತ್ತದಲ್ವಾ, ಮಿಕ್ಸಿ ಮೋಟಾರ್ ನೋಡುವಾಗ ಅದಕ್ಕೆ ಸಿಕ್ಕಿಸುತ್ತಾರೆ. ಅದೇ ಬೇಕು. 100 ವ್ಯಾಟಿನ ಫಿಲಮೆಂಟ್ ಬಲ್ಬ್, ಮೇನ್ಸ್ ಮತ್ತು ಸೆಟ್‌ನ ನಡುವೆ ಸೀರೀಸ್‌ನಲ್ಲಿ. ಎಲ್‌ಇಡಿ ಬಲ್ಬ್ ಹಾಕಿದರೆ ಕೆಲಸ ಆಗುವುದಿಲ್ಲ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿದು ತಾನೇ ಕರೆಂಟನ್ನು ತಡೆಯುತ್ತದೆ, ನಿಮ್ಮ ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ.

ಸರಿಯಾಗಿರುವ ಸೆಟ್‌ನಲ್ಲಿ ಬಲ್ಬ್ ಮೊದಲು ಜೋರಾಗಿ ಹೊತ್ತಿ, ಕೆಪಾಸಿಟರ್ ತುಂಬಿ ಹೀಟರ್ ಬಿಸಿಯಾಗುತ್ತಾ ಬಂದ ಹಾಗೆ ಮಂಕಾಗುತ್ತದೆ. ಪೂರ್ತಿ ಆರುವುದಿಲ್ಲ, ಏಕೆಂದರೆ ಈ ಸೆಟ್ ಸುಮ್ನೆ ಕೂತಿದ್ದಾಗಲೂ 50 ವ್ಯಾಟಿನ ಹತ್ತಿರ ಎಳೆಯುತ್ತದೆ. ಬಲ್ಬ್ ಬೆಳ್ಳಗೆ ಉರಿಯುತ್ತಲೇ ಇದ್ದರೆ ತಕ್ಷಣ ಆಫ್ ಮಾಡಿ.

ಫ್ಯೂಸ್ ಹೋಗುತ್ತಿದ್ದರೆ ಇದರಲ್ಲೇ ಹುಡುಕಿ. ಎಲ್ಲ ವಾಲ್ವ್ ತೆಗೆದು ಆನ್ ಮಾಡಿ. ಆಗಲೂ ಬಲ್ಬ್ ಜೋರು ಅಂದರೆ ತೊಂದರೆ ವಾಲ್ವ್‌ಗಿಂತ ಹಿಂದೆ: ಡಯೋಡ್, ಮೊದಲ ಕೆಪಾಸಿಟರ್, ಇಲ್ಲಾ ಪವರ್ ಟ್ರಾನ್ಸ್‌ಫಾರ್ಮರೇ. ಆಫ್ ಮಾಡಿ, ಖಾಲಿ ಮಾಡಿ, ಬ್ರಿಡ್ಜ್‌ಗೆ ಹೋಗುವ 200 ವೋಲ್ಟ್ ಸೆಕೆಂಡರಿಯ ಎರಡು ವೈರು ಬಿಡಿಸಿ ಮತ್ತೆ ನೋಡಿ. ಬಲ್ಬ್ ಆರಿದರೆ ಟ್ರಾನ್ಸ್‌ಫಾರ್ಮರ್ ಚೆನ್ನಾಗಿದೆ, 1ಎನ್4007 ಒಂದೊಂದನ್ನೇ ಮೀಟರಿನ ಡಯೋಡ್ ರೇಂಜಿನಲ್ಲಿ ನೋಡಿ. ಎರಡೂ ದಿಕ್ಕಿನಲ್ಲಿ ಸೊನ್ನೆ ತೋರಿಸಿದ್ದು ಸತ್ತಿದೆ. ವಾಲ್ವ್ ಇಲ್ಲದಾಗ ಬಲ್ಬ್ ಮಂಕು, ಒಂದು ಇಎಲ್84 ಹಾಕಿದ ಕೂಡಲೇ ಜೋರು ಅಂದರೆ ಆ ಕಡೆಯ ವಾಲ್ವ್ ಅಥವಾ ಅದರ ಸುತ್ತ ಇರುವ ನಾಲ್ಕು ಬಿಡಿಭಾಗ.

ವಾಲ್ವ್ ತೆಗೆದು ನೇರ ಮೇನ್ಸ್‌ನಲ್ಲಿ ಪರೀಕ್ಷಿಸುವಾಗ ಒಂದು ಎಚ್ಚರ. ಲೋಡ್ ಇಲ್ಲದೆ ಎಚ್‌ಟಿ ಮೇಲೇರುತ್ತದೆ. 200 ವೋಲ್ಟ್ ಎಸಿಯ ತುದಿ 283 ವೋಲ್ಟ್. ಲೋಡ್ ಇಲ್ಲದಾಗ ಸೆಕೆಂಡರಿಯೇ ಸ್ವಲ್ಪ ಜಾಸ್ತಿ ಕೊಡುತ್ತದೆ, ಮೇನ್ಸ್ 250ಕ್ಕೆ ಹೋದರೆ ಇನ್ನೂ ಮೇಲೆ. 350 ವೋಲ್ಟಿನ ಕೆಪಾಸಿಟರ್ ಅಂಚಿನಲ್ಲಿ ನಿಲ್ಲುತ್ತದೆ. 450 ವೋಲ್ಟಿನದ್ದು ಹಾಕಿ, ನೆಮ್ಮದಿ.

ಎರಡು ಚಾನೆಲ್ ಇರುವುದೇ ಲಾಭ

ಸ್ಟೀರಿಯೋ ಸೆಟ್‌ನಲ್ಲಿ ಒಂದು ಕಡೆ ಕೆಟ್ಟಿದೆ ಅಂದರೆ ನಿಮ್ಮ ಅದೃಷ್ಟ. ಇನ್ನೊಂದು ಕಡೆ ಪಕ್ಕದಲ್ಲೇ ಸರಿಯಾಗಿ ಓಡುತ್ತಿದೆ, ಅದರ ಪ್ರತಿ ಪಿನ್ನಿನ ವೋಲ್ಟೇಜ್ ನಿಮಗೆ ಉತ್ತರಪತ್ರಿಕೆ. ಎರಡೂ ಕಡೆ ಒಂದೇ ಥರ ಕೆಟ್ಟಿದ್ದರೆ ಹಂಚಿಕೊಂಡಿರುವ ಜಾಗಕ್ಕೆ ಹೋಗಿ: ಪವರ್ ಸಪ್ಲೈ, ಹೀಟರ್, ಅರ್ತ್, ಅಥವಾ ಇಬ್ಬರಿಗೂ ಸೇರಿದ ಇಸಿಸಿ83.

ಒಂದೇ ಕಡೆ ತೊಂದರೆ ಇದ್ದಾಗ ಅದಲುಬದಲು ಮಾಡುತ್ತಾ ಬನ್ನಿ, ಹೊರಗಿನಿಂದ ಒಳಕ್ಕೆ. ಮೊದಲು ಸ್ಪೀಕರ್ ವೈರು. ಆಮೇಲೆ ಇನ್‌ಪುಟ್ ಕೇಬಲ್. ಕೆಟ್ಟ ಸದ್ದು ಕೇಬಲ್ ಜೊತೆ ಆ ಕಡೆಯಿಂದ ಈ ಕಡೆಗೆ ಬಂದರೆ ಆಂಪ್ಲಿಫೈಯರ್ ನಿರಪರಾಧಿ. ಬರಲಿಲ್ಲ ಅಂದರೆ ಆಫ್ ಮಾಡಿ, ತಣ್ಣಗಾದ ಮೇಲೆ ಎರಡು ಇಎಲ್84 ಅದಲುಬದಲು ಮಾಡಿ. ತೊಂದರೆ ವಾಲ್ವಿನ ಜೊತೆಗೇ ಹೋಯಿತಾ, ವಾಲ್ವೇ ಕೆಟ್ಟಿದೆ. ಅಲ್ಲೇ ಉಳಿಯಿತಾ, ವಾಲ್ವ್ ಕೊಳ್ಳಲು ಹೋಗಬೇಡಿ, ಮೀಟರ್ ಎತ್ತಿಕೊಳ್ಳಿ.

ಇಎಲ್84ರ 3ನೇ ಪಿನ್

ಈ ಸೆಟ್‌ನಲ್ಲಿ ಒಂದೇ ಒಂದು ಅಳತೆ ತೆಗೆದುಕೊಳ್ಳಿ ಅಂದರೆ ನಾನು ತೆಗೆದುಕೊಳ್ಳುವುದು ಇಎಲ್84 ಕ್ಯಾಥೋಡಿನದ್ದು. ಕಡಿಮೆ ವೋಲ್ಟೇಜ್, ಆದ್ದರಿಂದ ಅಳೆಯಲು ಅಪಾಯವೂ ಕಡಿಮೆ. ಜೊತೆಗೆ ಹೀಟರ್, ಎಚ್‌ಟಿ, ಗ್ರಿಡ್, ಸ್ಕ್ರೀನ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಇವುಗಳಲ್ಲಿ ಏನು ತಪ್ಪಿದ್ದರೂ ಅದರ ನೆರಳು ಇಲ್ಲಿ ಬೀಳುತ್ತದೆ.

ಸಾಕೆಟನ್ನು ತಳದಿಂದ ನೋಡುವಾಗ, ಪಿನ್‌ಗಳ ನಡುವಿನ ದೊಡ್ಡ ಸಂದಿನಿಂದ ಗಡಿಯಾರದ ದಿಕ್ಕಿನಲ್ಲಿ ಎಣಿಸಿ. ಇಎಲ್84ರಲ್ಲಿ 2 ಗ್ರಿಡ್, 3 ಕ್ಯಾಥೋಡ್, 4 ಮತ್ತು 5 ಹೀಟರ್, 7 ಪ್ಲೇಟ್, 9 ಸ್ಕ್ರೀನ್. 1, 6, 8ಕ್ಕೆ ಏನೂ ಬೆಸೆಯಬೇಡಿ. ಒಳಗೆ ಯಾವುದಕ್ಕೋ ಜೋಡಣೆ ಇರಬಹುದು, ಖಾಲಿ ಪಿನ್ ಅಂತ ರೆಸಿಸ್ಟರ್ ನಿಲ್ಲಿಸಲು ಬಳಸಿದ್ದರೆ ತೊಂದರೆ ಅಲ್ಲೇ ಇರಬಹುದು.

3ನೇ ಪಿನ್‌ನಲ್ಲಿ ಏಳೂವರೆ ವೋಲ್ಟಿನ ಆಸುಪಾಸು ಬರಬೇಕು. 7.5 ಭಾಗಿಸು 150 ಅಂದರೆ 50 ಮಿಲಿಆಂಪ್, ಅದರಲ್ಲಿ ಐದು ಮಿಲಿಆಂಪ್ ಸ್ಕ್ರೀನಿಗೆ, ಮಿಕ್ಕಿದ್ದು ಪ್ಲೇಟಿಗೆ. ಪ್ಲೇಟಿನಲ್ಲಿ 240 ವೋಲ್ಟ್ ಇದ್ದರೆ ಸುಮಾರು ಹತ್ತೂವರೆ ವ್ಯಾಟ್ ಆಯಿತು. ಇಎಲ್84 ಪ್ಲೇಟಿನ ಮಿತಿ 12 ವ್ಯಾಟ್.

ಸೊನ್ನೆ ಬಂತು ಅಂದುಕೊಳ್ಳಿ. ವಾಲ್ವ್‌ನಲ್ಲಿ ಕರೆಂಟೇ ಹರಿಯುತ್ತಿಲ್ಲ. ಹೀಟರ್ ಕೆಂಪಗೆ ಕಾಣುತ್ತಿದೆಯಾ, 4 ಮತ್ತು 5ರ ನಡುವೆ 6.3 ವೋಲ್ಟ್ ಎಸಿ ಇದೆಯಾ, 7 ಮತ್ತು 9ರಲ್ಲಿ ಎಚ್‌ಟಿ ಇದೆಯಾ ನೋಡಿ. ಸೊನ್ನೆ ಇದ್ದೂ ಪ್ಲೇಟ್ ಕೆಂಪಾಗುತ್ತಿದ್ದರೆ ಕಥೆ ಬೇರೆ. ಕ್ಯಾಥೋಡ್ ಕೆಪಾಸಿಟರ್ ಶಾರ್ಟ್ ಆಗಿದೆ, ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ಬಯಾಸ್ ವೋಲ್ಟೇಜೇ ಇಲ್ಲ, ಬೇಗ ಆಫ್ ಮಾಡಿ.

ಇಪ್ಪತ್ತು ಮೂವತ್ತು ವೋಲ್ಟ್ ಬಂದರೆ 150 ಓಮ್ ರೆಸಿಸ್ಟರ್ ತೆರೆದುಕೊಂಡಿದೆ, ಅಥವಾ ಅದರ ಅರ್ತ್ ಬೆಸುಗೆ ಬಿಟ್ಟಿದೆ. ಆಗ ಅದಕ್ಕೆ ಅಡ್ಡ ಇರುವ 25 ವೋಲ್ಟಿನ 220 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂಡ ಸತ್ತಿರಬಹುದು, ಎರಡನ್ನೂ ಬದಲಿಸಿ.

ಮೂರು ನಾಲ್ಕು ವೋಲ್ಟ್, ಅಂದರೆ ಬಡಕಲು. ವಾಲ್ವ್ ಸವೆದಿದೆ, ಇಲ್ಲಾ ಸ್ಕ್ರೀನ್ ವೋಲ್ಟೇಜ್ ಇಲ್ಲ, ಇಲ್ಲಾ ಹೀಟರ್‌ಗೆ ಸಾಕಷ್ಟು ಬರುತ್ತಿಲ್ಲ. 7ನೇ ಪಿನ್‌ನಲ್ಲಿ ವೋಲ್ಟೇಜೇ ಇಲ್ಲ, 9ರಲ್ಲಿ ಪೂರ್ತಿ ಇದೆ ಅಂದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ ತುಂಡಾಗಿದೆ. ಪ್ಲೇಟಿಗೆ ಹೋಗಬೇಕಾದ ಕರೆಂಟಿನ ದೊಡ್ಡ ಪಾಲನ್ನು ಸ್ಕ್ರೀನ್ ಒಬ್ಬಂಟಿಯಾಗಿ ಎಳೆಯುತ್ತದೆ, ಪ್ಲೇಟಿನ ಒಳಗೆ ಸಣ್ಣ ತಂತಿ ಕೆಂಪಗೆ ಹೊಳೆಯುವುದು ಕಾಣುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ವಾಲ್ವ್ ಹೋಗುತ್ತದೆ. ಆಫ್ ಮಾಡಿ, ಖಾಲಿ ಮಾಡಿ, ಪ್ರೈಮರಿಯ ಓಮ್ ಅಳೆಯಿರಿ. ಸಾಮಾನ್ಯವಾಗಿ ಇನ್ನೂರು ಮುನ್ನೂರು ಓಮ್ ಸಿಗುತ್ತದೆ, ಸೆಕೆಂಡರಿ ಒಂದು ಓಮಿಗೂ ಕಡಿಮೆ. ಪಕ್ಕದ ಟ್ರಾನ್ಸ್‌ಫಾರ್ಮರ್ ಜೊತೆ ಹೋಲಿಸಿದರೆ ಸಂಶಯವೇ ಉಳಿಯುವುದಿಲ್ಲ.

ಹತ್ತು ಹನ್ನೊಂದು ವೋಲ್ಟ್ ಬಂದರೆ ಕರೆಂಟ್ ವಿಪರೀತ. ಇದೇ ಎಲ್ಲಕ್ಕಿಂತ ಹೆಚ್ಚು ಕಾಣುವ ಕಾಯಿಲೆ.

ಪ್ಲೇಟ್ ಕೆಂಪಾಗುವುದು

ರೂಮಿನ ಲೈಟ್ ಆರಿಸಿ ನೋಡಿ. ಬೂದು ಬಣ್ಣದ ಪ್ಲೇಟಿನ ಮಧ್ಯೆ ಮಂಕು ಕೆಂಪು ಕಲೆ ಕಂಡರೆ ಅದು ಹೀಟರಿನ ಬೆಳಕಲ್ಲ, ಪ್ಲೇಟೇ ಕಾಯುತ್ತಿದೆ. ಗಾಜಿನ ಒಳಮೈಯಲ್ಲಿ ನೀಲಿ ಹೊಳಪು ಕಂಡರೆ ಹೆದರಬೇಡಿ, ಅದು ಮಾಮೂಲಿ. ನೇರಳೆ ಬಣ್ಣದ ಮಬ್ಬು ಎಲೆಕ್ಟ್ರೋಡ್‌ಗಳ ನಡುವೆ ತುಂಬಿಕೊಂಡಿದ್ದರೆ ಒಳಗೆ ಗ್ಯಾಸ್ ಇದೆ, ಅಂಥ ವಾಲ್ವ್ ತೆಗೆಯಿರಿ. ತುದಿಯಲ್ಲಿ ಕನ್ನಡಿಯ ಹಾಗೆ ಇರುವ ಬೆಳ್ಳಿ ಲೇಪ ಹಾಲು ಬಿಳಿಯಾಗಿದ್ದರಂತೂ ಗಾಳಿ ಹೊಕ್ಕಿದೆ, ಕಸದ ಬುಟ್ಟಿಗೆ.

ಈಗ ಮೀಟರ್ 2ನೇ ಪಿನ್‌ಗೆ. ಗ್ರಿಡ್‌ನಲ್ಲಿ ಸೊನ್ನೆ ಇರಬೇಕು. ಒಂದು ವೋಲ್ಟ್, ಎರಡು ವೋಲ್ಟ್ ಪಾಸಿಟಿವ್ ಕಂಡರೆ ಅದೇ ಕಳ್ಳ. ಇಬ್ಬರ ಮೇಲೆ ಅನುಮಾನ: ಇಸಿಸಿ83ರ ಪ್ಲೇಟಿನಿಂದ ಬರುವ 0.1 ಮೈಕ್ರೋಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ, ಅಥವಾ ಇಎಲ್84 ಒಳಗೇ ಗ್ರಿಡ್ ಕರೆಂಟ್ ಹರಿಯುತ್ತಿದೆ. ಬೇರ್ಪಡಿಸುವುದು ಸುಲಭ. ಆಫ್ ಮಾಡಿ, ಆ ಇಎಲ್84 ತೆಗೆಯಿರಿ, ಇಸಿಸಿ83 ಇರಲಿ, ಮತ್ತೆ ಆನ್ ಮಾಡಿ ಸಾಕೆಟಿನ 2ನೇ ಪಿನ್ ಅಳೆಯಿರಿ. ಪಾಸಿಟಿವ್ ಹಾಗೇ ಉಳಿದರೆ ಕೆಪಾಸಿಟರ್. ಸೊನ್ನೆಗೆ ಬಂದರೆ ವಾಲ್ವ್.

ಎಷ್ಟು ಸೋರಿದರೆ ಎಷ್ಟು ತೊಂದರೆ ಅನ್ನುವ ಲೆಕ್ಕ ಮಜವಾಗಿದೆ. ಗ್ರಿಡ್ ರೆಸಿಸ್ಟರ್ 470ಕೆ. ಕೇವಲ 4 ಮೈಕ್ರೋಆಂಪ್ ಸೋರಿದರೆ ಗ್ರಿಡ್‌ನಲ್ಲಿ ಹತ್ತಿರ ಹತ್ತಿರ ಎರಡು ವೋಲ್ಟ್. ಅದಕ್ಕೇ ಹಳೇ ರೇಡಿಯೋದಿಂದ ಕಿತ್ತ ಮೇಣದ ಕಾಗದದ ಕೆಪಾಸಿಟರನ್ನು "ಹಳೇದು ಚೆನ್ನಾಗಿರುತ್ತದೆ" ಅಂತ ಈ ಜಾಗಕ್ಕೆ ಹಾಕಬಾರದು. ಮೀಟರಿನ ಕೆಪಾಸಿಟರ್ ರೇಂಜಿನಲ್ಲಿ ಅದು ಸರಿಯಾಗಿಯೇ ತೋರಿಸುತ್ತದೆ, ಏಕೆಂದರೆ ಮೀಟರ್ ಪರೀಕ್ಷಿಸುವುದು ಒಂದೆರಡು ವೋಲ್ಟಿನಲ್ಲಿ. ಸೋರುವುದು 150 ವೋಲ್ಟ್ ಬಿದ್ದಾಗ. 630 ವೋಲ್ಟಿನ ಪಾಲಿಪ್ರೊಪಿಲಿನ್ ಹೊಸದು ಹಾಕಿ, ನಾಸ್ಟಾಲ್ಜಿಯಾ ಬೇಕಿದ್ದರೆ ಕ್ಯಾಬಿನೆಟ್ಟಿನಲ್ಲಿ ಇಟ್ಟುಕೊಳ್ಳಿ.

ಗ್ರಿಡ್‌ನಲ್ಲಿ ಸೊನ್ನೆಯೇ ಇದೆ, ಆದರೂ ಕೆಂಪಾಗುತ್ತಿದೆ ಅಂದರೆ ಕ್ಯಾಥೋಡ್ ರೆಸಿಸ್ಟರಿನ ಬೆಲೆ ಕುಸಿದಿದೆಯಾ ನೋಡಿ, 150 ಅಂದುಕೊಂಡು 15 ಓಮ್ ಹಾಕಿದ್ದಾರಾ ನೋಡಿ. ಕಂದು ಹಸಿರು ಕಂದು ಮತ್ತು ಕಂದು ಹಸಿರು ಕಪ್ಪು ಬಣ್ಣದ ಪಟ್ಟಿಗಳು ಸಂಜೆ ಬೆಳಕಿನಲ್ಲಿ ಒಂದೇ ಥರ ಕಾಣುತ್ತವೆ. ಗ್ರಿಡ್ ರೆಸಿಸ್ಟರಿನ ಅರ್ತ್ ಕಾಲಿನಲ್ಲಿ ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ) ಇದ್ದರೂ ಹೀಗಾಗುತ್ತದೆ, ಮತ್ತು ಇದು ಮೋಸದ ದೋಷ. ಗ್ರಿಡ್ ಗಾಳಿಯಲ್ಲಿ ತೇಲುತ್ತಿರುತ್ತದೆ, ಆದರೆ ನೀವು ಮೀಟರ್ ಮುಟ್ಟಿಸಿದ ಕೂಡಲೇ ಮೀಟರಿನದೇ 10 ಮೆಗಾಓಮ್ ಗ್ರಿಡ್ಡನ್ನು ಅರ್ತಿಗೆ ಎಳೆಯುವುದರಿಂದ ಓದು ಸುಮಾರಾಗಿ ಸರಿಯಾಗಿಯೇ ಕಾಣಬಹುದು. ಮೀಟರ್ ಇಟ್ಟಾಗ ಸದ್ದು ಬದಲಾದರೆ ಇದನ್ನೇ ಅನುಮಾನಿಸಿ, ಆಫ್ ಮಾಡಿ 2ನೇ ಪಿನ್‌ನಿಂದ ಚಾಸಿಗೆ ಓಮ್ ನೋಡಿ. 470ಕೆ ಬರಬೇಕು.

ಗುಂಯ್ ಸದ್ದು

ಹಮ್ ಅನ್ನುವುದು ಒಂದೇ ಕಾಯಿಲೆ ಅಲ್ಲ. 50 ಹರ್ಟ್ಸ್ ಹಮ್ ಬೇರೆ, 100 ಹರ್ಟ್ಸ್ ಹಮ್ ಬೇರೆ. ಇದನ್ನು ಮೊದಲೇ ಬೇರ್ಪಡಿಸದೆ ಹೋದರೆ ಫಿಲ್ಟರ್ ಕೆಪಾಸಿಟರ್ ಮೇಲೆ ಫಿಲ್ಟರ್ ಕೆಪಾಸಿಟರ್ ಹಾಕುತ್ತಾ ಕೂರುತ್ತೀರಿ, ಗುಂಯ್ ಹಾಗೇ ಇರುತ್ತದೆ. ಫೋನಿನಲ್ಲಿ ಸ್ಪೆಕ್ಟ್ರಮ್ ತೋರಿಸುವ ಆ್ಯಪ್ ಹಾಕಿ ಸ್ಪೀಕರ್ ಕೋನಿನ ಹತ್ತಿರ ಹಿಡಿಯಿರಿ. ದೊಡ್ಡ ಗೆರೆ 100ರಲ್ಲಿ ಎದ್ದರೆ ಬ್ರಿಡ್ಜ್ ಆದಮೇಲಿನ ರಿಪಲ್ (ಡಿಸಿಯಲ್ಲಿ ಉಳಿದ ಎಸಿ ಅಲೆ), ಪವರ್ ಸಪ್ಲೈ ಕಡೆ ನೋಡಿ. 50ರಲ್ಲಿ ಎದ್ದರೆ ಹೀಟರ್, ಅರ್ತ್, ಅಥವಾ ಟ್ರಾನ್ಸ್‌ಫಾರ್ಮರಿನಿಂದ ಟ್ರಾನ್ಸ್‌ಫಾರ್ಮರಿಗೆ ಹಾರುವ ಅಯಸ್ಕಾಂತದ ಎಳೆತ. 50, 100, 150, 250 ಎಲ್ಲ ಕಡೆ ಗೆರೆ ಎದ್ದು ಕೇಳಲು ಝರ್ ಝರ್ ಅಂತಿದ್ದರೆ ಹೆಚ್ಚಾಗಿ ಅರ್ತ್ ಲೂಪ್, ಅಂದರೆ ಅರ್ತ್ ಎರಡು ದಾರಿಯಲ್ಲಿ ಸೇರಿ ಆದ ಸುತ್ತು.

ಮೊದಲು ಎಲ್ಲಿಂದ ಹೊಕ್ಕುತ್ತಿದೆ ನೋಡಿ. ವಾಲ್ಯೂಮ್ ಸೊನ್ನೆಗೆ ತಿರುಗಿಸಿದಾಗ ಹಮ್ ಹೋದರೆ ಅದು ವಾಲ್ಯೂಮಿಗಿಂತ ಮುಂಚೆ ಬರುತ್ತಿದೆ: ಕೇಬಲ್, ಇನ್‌ಪುಟ್ ಸಾಕೆಟ್, ಇಲ್ಲಾ ಹಾಡು ಕೊಡುವ ಸಾಧನ. ಹೋಗದಿದ್ದರೆ ಆಫ್ ಮಾಡಿ ಇಸಿಸಿ83 ತೆಗೆಯಿರಿ. ಈಗ ಹಮ್ ಹೋಯಿತು ಅಂದರೆ ಮೊದಲ ಸ್ಟೇಜಿನಲ್ಲಿದೆ. ಇನ್ನೂ ಇದೆ ಅಂದರೆ ಇಎಲ್84ರ ಕಡೆಯದು ಅಥವಾ ಎಚ್‌ಟಿಯದು. ಎರಡು ಇಎಲ್84 ಕೂಡ ತೆಗೆದು ಬರೀ ಟ್ರಾನ್ಸ್‌ಫಾರ್ಮರ್ ಆನ್ ಮಾಡಿ, ಆಗಲೂ ಸ್ಪೀಕರಿನಲ್ಲಿ ಸಣ್ಣಗೆ ಕೇಳುತ್ತಿದೆಯಾ? ಹಾಗಾದರೆ ಪವರ್ ಟ್ರಾನ್ಸ್‌ಫಾರ್ಮರ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ನೇರ ಗಾಳಿಯಲ್ಲೇ ಕೊಡುತ್ತಿದೆ. ಬಿಡಿಭಾಗ ಯಾವುದೂ ಬದಲಿಸಬೇಕಿಲ್ಲ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಬೋಲ್ಟ್ ಬಿಚ್ಚಿ 90 ಡಿಗ್ರಿ ತಿರುಗಿಸಿ, ಸ್ವಲ್ಪ ದೂರ ಸರಿಸಿ, ಹಮ್ ಕಡಿಮೆಯಾಗುವ ಕೋನ ಸಿಕ್ಕಲ್ಲಿ ತೂತು ಕೊರೆಯಿರಿ. ಚಾಸಿಗೆ ತೂತು ಕೊರೆಯುವ ಮುಂಚೆಯೇ ಇದನ್ನು ಮಾಡುವವರು ಜಾಣರು.

100 ಹರ್ಟ್ಸ್ ಇದ್ದರೆ ರಿಪಲ್ ಅಳೆಯಿರಿ. ಮೀಟರನ್ನು ಎಸಿ ವೋಲ್ಟಿಗೆ ಹಾಕಿ, ಕೆಂಪು ಪ್ರೋಬಿಗೆ 0.1 ಮೈಕ್ರೋಫ್ಯಾರಡ್ 630 ವೋಲ್ಟ್ ಕೆಪಾಸಿಟರ್ ಸೀರೀಸ್ ಕೊಟ್ಟು ಡಿಸಿ ತಡೆಯಿರಿ. ಮೊದಲ ಕೆಪಾಸಿಟರ್ ಮೇಲೆ ಎರಡು ಮೂರು ವೋಲ್ಟ್ ಎಸಿ ಇರುವುದು ಸಹಜ. 100 ಓಮ್ ದಾಟಿ ಎರಡನೆಯದರ ಮೇಲೆ ಅರ್ಧ ವೋಲ್ಟಿಗೆ ಇಳಿದಿರಬೇಕು. ಇಳಿದಿಲ್ಲ, ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಇದೆ ಅಂದರೆ ಎರಡನೇ ಕೆಪಾಸಿಟರ್ ಒಣಗಿದೆ ಅಥವಾ ಅದರ ಅರ್ತ್ ಕಾಲು ಬಿಟ್ಟಿದೆ. ಮೊದಲನೆಯದರ ಮೇಲೆಯೇ ಹತ್ತು ಹದಿನೈದು ವೋಲ್ಟ್ ಇದ್ದರೆ ಮೊದಲನೆಯದೇ ಹೋಗಿದೆ. ಅನುಮಾನ ಇರುವ ಕೆಪಾಸಿಟರ್‌ಗೆ ಅಡ್ಡವಾಗಿ ಒಳ್ಳೆಯದೊಂದನ್ನು ಕಟ್ಟಿ ನೋಡಬಹುದು, ಆದರೆ ಆಫ್ ಮಾಡಿ, ಖಾಲಿ ಮಾಡಿ, ಬೆಸೆದು, ಆಮೇಲೆ ಆನ್. ಓಡುತ್ತಿರುವ ಸೆಟ್‌ಗೆ ಕೈಯಲ್ಲಿ ಹಿಡಿದು ಒತ್ತುವುದು ಬೇಡವೇ ಬೇಡ.

ಎಲ್ಲ ಕೆಪಾಸಿಟರ್ ಸರಿಯಿದ್ದೂ ಸಣ್ಣ ಗುಂಯ್ ಉಳಿದರೆ ಅದು ದೋಷವಲ್ಲ, ಡಿಸೈನಿನ ಮಿತಿ. ಎರಡು ವಾಲ್ವ್ ಎದುರುಬದುರು ಕೆಲಸ ಮಾಡುವ ಪುಶ್‌ಪುಲ್‌ನಲ್ಲಿ ಎರಡರ ರಿಪಲ್ ಟ್ರಾನ್ಸ್‌ಫಾರ್ಮರಿನಲ್ಲಿ ಒಂದನ್ನೊಂದು ಹೊಡೆದುಹಾಕುತ್ತವೆ. ಸಿಂಗಲ್ ಎಂಡೆಡ್‌ನಲ್ಲಿ ಆ ಸೌಭಾಗ್ಯ ಇಲ್ಲ. 100 ಓಮ್ ಜಾಗಕ್ಕೆ 10 ಹೆನ್ರಿ ಚೋಕ್ ಹಾಕಿದರೆ ಅರ್ಧ ವೋಲ್ಟ್ ಇದ್ದದ್ದು ಕೆಲವು ಮಿಲಿವೋಲ್ಟಿಗೆ ಬೀಳುತ್ತದೆ. ಟ್ಯೂಬ್‌ಲೈಟ್ ಚೋಕ್ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಅದರ ಹೆನ್ರಿ ತೀರಾ ಕಡಿಮೆ, ಸ್ವಲ್ಪ ಉಪಯೋಗ ಆಗುತ್ತದೆ, 10 ಹೆನ್ರಿಗೆ ಸಾಟಿಯಲ್ಲ. ಚೋಕ್ ಸಿಗದಿದ್ದರೆ ಇಎಲ್84ರ ಸ್ಕ್ರೀನಿಗೆ ಹೋಗುವ ದಾರಿಯಲ್ಲಿ ಇನ್ನೊಂದು 1ಕೆ, ಇನ್ನೊಂದು 47 ಮೈಕ್ರೋಫ್ಯಾರಡ್ ಸೇರಿಸಿ. ಇಎಲ್84ರಂಥ ಪೆಂಟೋಡ್‌ನಲ್ಲಿ ಪ್ಲೇಟಿಗಿಂತ ಸ್ಕ್ರೀನಿನ ರಿಪಲ್ಲೇ ಜಾಸ್ತಿ ಕೇಳಿಸುವುದು.

50 ಹರ್ಟ್ಸ್ ಅಂದರೆ ಹೀಟರ್ ಸುತ್ತುಗಳಿಗೆ ಅರ್ತಿನ ಆಸರೆ ಇದೆಯಾ ನೋಡಿ. ಸೆಂಟರ್ ಟ್ಯಾಪ್ ಇಲ್ಲದ 6.3 ವೋಲ್ಟ್ ವೈಂಡಿಂಗ್ ಆದರೆ ಎರಡು ತುದಿಯಿಂದಲೂ ಒಂದೊಂದು 100 ಓಮ್ ಅರ್ತಿಗೆ ಹೋಗಬೇಕು. ಇದನ್ನು ಬಿಟ್ಟ ಸೆಟ್ ಗುಂಯ್ ಅನ್ನದೆ ಇರಲ್ಲ. ಹೀಟರ್ ವೈರುಗಳನ್ನು ಒಂದಕ್ಕೊಂದು ಬಿಗಿಯಾಗಿ ಹೆಣೆದು ಚಾಸಿಯ ಮೂಲೆಗೆ ಒತ್ತಿ ಒಯ್ಯಿರಿ, ಗ್ರಿಡ್ ವೈರಿಗೆ ಹತ್ತಿರ ಬರುವುದಾದರೆ ಲಂಬವಾಗಿ ದಾಟಿಸಿ.

ಅರ್ತ್ ವಿಷಯ. ಇನ್‌ಪುಟ್ ಆರ್‌ಸಿಎ ಸಾಕೆಟಿನ ಹೊರಬಳೆ ಚಾಸಿಗೆ ತಾಗಿರಬಾರದು, ಪ್ಲಾಸ್ಟಿಕ್ ವಾಷರ್ ಹಾಕಿ. ಸಿಗ್ನಲ್ ಅರ್ತ್ ಒಂದು ದಪ್ಪ ತಂತಿಯಲ್ಲಿ ಸ್ಟೇಜ್‌ಗಳ ಸರದಿಯಲ್ಲೇ ನಡೆದು ಒಂದೇ ಒಂದು ಕಡೆ ಚಾಸಿ ಸೇರಬೇಕು. ಮೊದಲ ಫಿಲ್ಟರ್ ಕೆಪಾಸಿಟರಿನ ನೆಗೆಟಿವ್ ನೇರ ಬ್ರಿಡ್ಜ್‌ಗೆ ಹೋಗಬೇಕು, ಅಲ್ಲಿಂದ ಒಂದು ವೈರ್ ಮಾತ್ರ ಮುಂದಕ್ಕೆ. ಡಯೋಡ್ ಕೆಪಾಸಿಟರನ್ನು ತುಂಬಿಸುವ ಕರೆಂಟ್ ಹಿಡಿ ಹಿಡಿಯಾಗಿ ಹಾರಿ ಬರುತ್ತದೆ. ಅದು ಇಸಿಸಿ83ರ ಅರ್ತ್ ತಂತಿಯಲ್ಲಿ ಹಾದುಹೋದರೆ ಎಂಥ ಕೆಪಾಸಿಟರ್ ಹಾಕಿದರೂ ಝರ್ ಹೋಗುವುದಿಲ್ಲ. ಹಾಗೇ ಮೂರು ಪಿನ್ನಿನ ಮೇನ್ಸ್ ಅರ್ತ್ ಚಾಸಿಗೆ ಬಿಗಿಯಾಗಿ ಕೂತಿರಲಿ. ಹಮ್ ಹೋಗುತ್ತದೆ ಅಂತ ಅದನ್ನು ಕಿತ್ತುಹಾಕುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಲ್ಯಾಪ್‌ಟಾಪಿನಿಂದ ಹಾಡು ಹಾಕಿದಾಗ ಮಾತ್ರ ಸದ್ದು ಬರುತ್ತಿದ್ದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ, ಹೋದರೆ ಲೂಪ್ ಅಲ್ಲಿದೆ.

ಸಂಜೆ ಮಾತ್ರ ಕೆಡುವ ಸೆಟ್

ಹಗಲು ಚೆನ್ನಾಗಿದ್ದು ಸಂಜೆ ಮಂಕಾಗುವ, ಒಡೆದ ಹಾಗೆ ಹಾಡುವ ಸೆಟ್ ಬಿಚ್ಚುವ ಮುಂಚೆ ಗೋಡೆಯ ಪ್ಲಗ್ ಅಳೆಯಿರಿ. ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ ಹಳ್ಳಿ ಕಡೆ 180 ವೋಲ್ಟಿಗೆ ಇಳಿದರೆ 6.3 ಇರಬೇಕಾದ ಹೀಟರಿಗೆ 4.9 ವೋಲ್ಟ್ ಅಷ್ಟೇ ಸಿಗುತ್ತದೆ. ಕ್ಯಾಥೋಡ್ ಬಿಸಿಯಾಗದೆ ಎಲ್ಲ ಅಳತೆಯೂ ತಪ್ಪು ಕಾಣುತ್ತದೆ. ಮೇಲಕ್ಕೆ 250 ಆದರೆ 6.85, ಇದು ಹತ್ತು ಪರ್ಸೆಂಟಿನ ಮಿತಿಗೆ ಹತ್ತಿರ.

ಕರೆಂಟ್ ಹೋಗಿ ಇನ್ವರ್ಟರ್ ಬಂದಾಗ ಮಾತ್ರ ಕರ್ ಕರ್ ಅಂದರೆ ಇನ್ವರ್ಟರ್ ಸ್ಕ್ವೇರ್ ವೇವ್‌ನದ್ದು. ಆಂಪ್ಲಿಫೈಯರ್‌ನಲ್ಲಿ ಏನೂ ಇಲ್ಲ. ಸ್ಕ್ವೇರ್ ವೇವ್‌ನಲ್ಲಿ ಹೀಟರ್ ಮತ್ತು ಎಚ್‌ಟಿಯ ಪ್ರಮಾಣವೂ ಬದಲಾಗುತ್ತದೆ, ಆಗ ಅಳೆದ ಅಂಕಿಗಳನ್ನು ಬರೆದಿಡಬೇಡಿ.

ಸದ್ದೇ ಇಲ್ಲ

ಎರಡೂ ಕಡೆ ಇಲ್ಲ ಅಂದರೆ ಎಚ್‌ಟಿಯನ್ನು ಸರದಿಯಲ್ಲಿ ಹಿಂಬಾಲಿಸಿ. ಸೆಕೆಂಡರಿ ಎಸಿ, ಬ್ರಿಡ್ಜ್ ಆದಮೇಲೆ 265ರ ಹತ್ತಿರ, 100 ಓಮ್ ದಾಟಿ 255ರ ಹತ್ತಿರ, ಇಸಿಸಿ83ಕ್ಕೆ ಹೋಗುವ 10ಕೆ ದಾಟಿ 235 ಆಸುಪಾಸು. ಎಲ್ಲಿ ನಿಂತಿತೋ ಅಲ್ಲೇ ತುಂಡು. ಇಸಿಸಿ83ರ ಪ್ಲೇಟ್ 1 ಮತ್ತು 6ರಲ್ಲಿ 150 ವೋಲ್ಟಿನ ಹತ್ತಿರ, ಕ್ಯಾಥೋಡ್ 3 ಮತ್ತು 8ರಲ್ಲಿ ಒಂದೂಕಾಲು ವೋಲ್ಟ್ ಬರಬೇಕು. ಪ್ಲೇಟಿನಲ್ಲಿ ಪೂರ್ತಿ 255 ಹತ್ತಿರ ಏರಿದ್ದರೆ ವಾಲ್ವ್ ಎಳೆಯುತ್ತಿಲ್ಲ.

ಎಳೆಯದಿರಲು ಒಂದು ಮಜವಾದ ಕಾರಣ ಇದೆ. ರಷ್ಯಾದ 6ಪಿ14ಪಿ ವಾಲ್ವ್ ಇಎಲ್84ರ ಜಾಗಕ್ಕೆ ನೇರ ಕೂರುತ್ತದೆ, ಅದನ್ನು ನಂಬಿ ಜನ 6ಎನ್2ಪಿ ತಂದು ಇಸಿಸಿ83ರ ಜಾಗಕ್ಕೂ ಹಾಕುತ್ತಾರೆ. ಒಳಗಿನ ಟ್ರಯೋಡ್ ಹತ್ತಿರದ ಸಂಬಂಧಿಯೇ, ಆದರೆ ಹೀಟರ್ ಬೇರೆ. ಇಸಿಸಿ83ರಲ್ಲಿ 4 ಮತ್ತು 5ನ್ನು ಒಟ್ಟು ಸೇರಿಸಿ, ಅದಕ್ಕೂ 9ಕ್ಕೂ ಮಧ್ಯೆ 6.3 ವೋಲ್ಟ್ ಕೊಡುತ್ತೇವೆ. 6ಎನ್2ಪಿಯಲ್ಲಿ ಹೀಟರ್ 4 ಮತ್ತು 5ರ ನಡುವೆ, 9 ಬರೀ ಶೀಲ್ಡ್. ಹಾಗಾಗಿ ಅದು ಹೊತ್ತುವುದೇ ಇಲ್ಲ. 4 ಮತ್ತು 5ಕ್ಕೆ 12.6 ಕೊಟ್ಟ ಸೆಟ್‌ಗೆ ಹಾಕಿದರೆ ಹೀಟರ್ ಸುಟ್ಟೇ ಹೋಗುತ್ತದೆ. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ 1961ರಿಂದ ರೇಡಿಯೋ ವಾಲ್ವ್ ಮಾಡುತ್ತಿತ್ತು, ಹಳೇ ಸ್ಟಾಕಿನಲ್ಲಿ ಆ ಹೆಸರಿನ ಇಎಲ್84 ಸಿಕ್ಕರೆ ತೆಗೆದುಕೊಳ್ಳಿ. ಅದಕ್ಕೆ ಈ ಗೋಜಲೇ ಇಲ್ಲ.

ವೋಲ್ಟೇಜ್ ಎಲ್ಲ ಸರಿ, ಸದ್ದು ಮಾತ್ರ ಇಲ್ಲ ಅಂದರೆ ಫೋನಿನ ಹಾಡನ್ನು 0.1 ಮೈಕ್ರೋಫ್ಯಾರಡ್ 630 ವೋಲ್ಟಿನ ಕೆಪಾಸಿಟರ್ ಮೂಲಕ ಹಿಂದಿನಿಂದ ಮುಂದಕ್ಕೆ ಕೊಟ್ಟು ನೋಡಿ. ಪ್ರತಿ ಜಾಗ ಬದಲಿಸುವಾಗಲೂ ಆಫ್ ಮಾಡಿ, ಖಾಲಿ ಮಾಡಿ, ಕ್ಲಿಪ್ ಸಿಕ್ಕಿಸಿ. ಇಎಲ್84ರ 2ಕ್ಕೆ ಕೊಟ್ಟರೆ ಸಣ್ಣಗೆ ಕೇಳಬೇಕು, ಏಕೆಂದರೆ ಪೂರ್ತಿ ಜೋರಿಗೆ ಅದಕ್ಕೆ ನಾಲ್ಕು ವೋಲ್ಟಿಗಿಂತ ಜಾಸ್ತಿ ಬೇಕು. ಇಸಿಸಿ83ರ 2 ಅಥವಾ 7ಕ್ಕೆ ಕೊಟ್ಟರೆ ಜೋರಾಗಿ. ಮೊದಲನೆಯದು ಕೇಳಿ ಎರಡನೆಯದು ಕೇಳದಿದ್ದರೆ ನಡುವೆ ಇರುವುದು ಒಂದು ಸ್ಟೇಜ್, ಒಂದು ಕೆಪಾಸಿಟರ್.

ಕಿರುಚುವುದು, ಚರಪರ

ಫೀಡ್‌ಬ್ಯಾಕ್ ವೈರ್ (ಔಟ್‌ಪುಟ್ಟಿನಿಂದ ಸ್ವಲ್ಪ ಸಿಗ್ನಲನ್ನು ಮೊದಲ ಸ್ಟೇಜಿಗೆ ವಾಪಸ್ ಒಯ್ಯುವುದು) ಮೊದಲ ಸಲ ಜೋಡಿಸಿದ ಕೂಡಲೇ ಸೆಟ್ ಕಿರುಚಿದರೆ ಫೇಸ್ ಉಲ್ಟಾ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯ ಎರಡು ವೈರು ಅದಲುಬದಲು ಮಾಡಿದರೆ ಮುಗಿಯಿತು. ಇನ್ನೊಂದು ಕಡೆಗೂ ಹಾಗೇ ಮಾಡಬೇಕಾ ಅಂತ ಊಹಿಸಬೇಡಿ, ಅದನ್ನು ಬೇರೆಯಾಗಿ ನೋಡಿ.

ಕಿವಿಗೆ ಕೇಳದ ಕಿರುಚಾಟವೂ ಇದೆ. ಹಾಡು ಮಬ್ಬು ಮಬ್ಬು, ಕ್ಯಾಥೋಡ್ ವೋಲ್ಟೇಜ್ ಸ್ಥಿರವಾಗಿಲ್ಲ, ವಾಲ್ವಿನ ಹತ್ತಿರ ಕೈ ತಂದರೆ ಮೀಟರ್ ಅಲ್ಲಾಡುತ್ತದೆ. ಇಎಲ್84 ಚುರುಕು ವಾಲ್ವ್, ರೇಡಿಯೋ ಫ್ರೀಕ್ವೆನ್ಸಿಯಲ್ಲಿ ತಾನೇ ಓಡಲು ಕಾಯುತ್ತಿರುತ್ತದೆ. 2ನೇ ಪಿನ್‌ಗೆ ಅಂಟಿಕೊಂಡ ಹಾಗೆ 2.2ಕೆ, 9ನೇ ಪಿನ್‌ಗೆ 100 ಓಮ್ ಬೆಸೆಯಿರಿ. ರೆಸಿಸ್ಟರ್ ಪಿನ್ನಿನಿಂದ ನಾಲ್ಕು ಇಂಚು ದೂರ ಇದ್ದರೆ ಇದ್ದೂ ಇಲ್ಲದ ಹಾಗೆ.

ಚರಪರ ಸದ್ದಿಗೆ ಒಣಗಿದ ಮರದ ಕಡ್ಡಿ ಸಾಕು. ಸೆಟ್ ಓಡುತ್ತಿರುವಾಗ ಬೆಸುಗೆ, ಸಾಕೆಟ್, ವೈರು ಒಂದೊಂದನ್ನೇ ಮೆಲ್ಲಗೆ ತಟ್ಟಿ. ಎಲ್ಲಿ ತಟ್ಟಿದರೆ ಚರ್ ಅನ್ನುತ್ತದೋ ಅಲ್ಲಿ ಮತ್ತೆ ಬೆಸೆಯಿರಿ. ಇಸಿಸಿ83ರ ಗಾಜು ತಟ್ಟಿದಾಗ ಟಿಣ್ ಅಂತ ಸ್ಪೀಕರಿನಲ್ಲಿ ಸಣ್ಣಗೆ ಕೇಳುವುದು ಸಾಮಾನ್ಯ, ಟಿಣ್ ಅಂದದ್ದು ನಿಲ್ಲದೆ ಊಳಿಡಲು ಶುರುಮಾಡಿದರೆ ಮಾತ್ರ ಬದಲಿಸಿ. ತಟ್ಟಿದರೆ ಏನೂ ಆಗದೆ, ಮಳೆ ಬಿದ್ದ ಹಾಗೆ ತಾನಾಗಿಯೇ ಸರಸರ ಅಂತಿದ್ದರೆ ಪ್ಲೇಟಿನ 100ಕೆ ಕಾರ್ಬನ್ ರೆಸಿಸ್ಟರ್ ತೆಗೆದು 1 ವ್ಯಾಟ್ ಮೆಟಲ್ ಫಿಲ್ಮ್ ಹಾಕಿ. ವಾಲ್ಯೂಮ್ ತಿರುಗಿಸುವಾಗ ಮಾತ್ರ ಗರಗರ ಅಂದರೆ ಕ್ಲೀನರ್ ಹೊಡೆಯುವ ಮುಂಚೆ ಕಂಟ್ರೋಲಿನ ಮೇಲೆ ಡಿಸಿ ಇದೆಯಾ ಅಳೆಯಿರಿ. ಹಾಡು ಕೊಡುವ ಸಾಧನದ ಕೆಪಾಸಿಟರ್ ಸೋರುತ್ತಿದ್ದರೆ ಎಷ್ಟು ಕ್ಲೀನರ್ ಹೊಡೆದರೂ ನಾಳೆ ಮತ್ತೆ ಗರಗರ.

ರಿಪೇರಿ ಆದಮೇಲೆ 8 ಓಮ್ ರೆಸಿಸ್ಟರ್ ಕಟ್ಟಿ ಎರಡು ಗಂಟೆ ಓಡಿಸಿ, ಬಿಸಿಯಾದ ಸ್ಥಿತಿಯಲ್ಲಿ ಎರಡೂ ಇಎಲ್84ರ 3ನೇ ಪಿನ್ ಮತ್ತೆ ಅಳೆಯಿರಿ. ಸೋರುವ ಕೆಪಾಸಿಟರ್, ಗ್ರಿಡ್ ಕರೆಂಟಿನ ವಾಲ್ವ್ ಎರಡೂ ತಣ್ಣಗಿದ್ದಾಗ ಸಾಧು, ಕಾದ ಮೇಲೆ ಬುದ್ಧಿ ತೋರಿಸುತ್ತವೆ. ಹತ್ತು ನಿಮಿಷಕ್ಕೆ 7.5 ಇದ್ದದ್ದು ಎರಡು ಗಂಟೆಗೆ 9 ಆಗಿದ್ದರೆ ಕೆಲಸ ಇನ್ನೂ ಮುಗಿದಿಲ್ಲ, 2ನೇ ಪಿನ್‌ಗೆ ವಾಪಸ್ ಹೋಗಿ. ಹಾಗೇ ನಿಂತಿದ್ದರೆ ಎಲ್ಲ ಪಿನ್ನಿನ ವೋಲ್ಟೇಜ್, ಆ ಹೊತ್ತಿನ ಮೇನ್ಸ್ ವೋಲ್ಟೇಜ್ ಸಮೇತ, ಒಂದು ಚೀಟಿಯಲ್ಲಿ ಬರೆದು ಚಾಸಿಯ ತಳದ ಮುಚ್ಚಳಕ್ಕೆ ಒಳಗಡೆಯಿಂದ ಅಂಟಿಸಿ.